ಪೋರ್ಟಲ್‌ಗೆ ಹಾಕಬೇಡಿ, ನನಗೆ ಫೋನ್ ಮಾಡಿ

ನನ್ನ ಕೆಲಸ ಏನೆಂದು ಅಮ್ಮನಿಗೆ ಹೇಳಲು ಹೋಗಿ ಸೋತವನು ನಾನು. ಮೊದಲ ಸಂಬಳ ಬಂದಾಗ ಫೋನಿನಲ್ಲಿ ನಡೆದ ಮಾತು ಹೀಗಿತ್ತು.

"ಮಿಷನ್ನು ಎಲ್ಲಿರುತ್ತೋ?"

"ನೋಯ್ಡಾದಲ್ಲಿ, ಓಖ್ಲಾದಲ್ಲಿ, ಸೋನಿಪತ್‌ನಲ್ಲಿ. ಎಲ್ಲ ಕಡೆ."

"ನೀನು?"

"ಗುರುಗ್ರಾಮದಲ್ಲಿ. ಆಫೀಸಲ್ಲಿ."

"ಮತ್ತೆ ರಿಪೇರಿ ಹ್ಯಾಗೆ ಮಾಡ್ತೀಯ?"

"ಮಾಡಲ್ಲಮ್ಮ. ಸ್ಕ್ರೀನಲ್ಲಿ ನೋಡ್ತೀನಿ."

"ನೋಡೋಕ್ಕೂ ಸಂಬಳ ಕೊಡ್ತಾರಾ!" ಎಂದು ಅಮ್ಮ ಖುಷಿಪಟ್ಟಳು. ತುಮಕೂರಿನ ನಮ್ಮ ಬೀದಿಯಲ್ಲಿ ದಿನವಿಡೀ ಸುಮ್ಮನೆ ನೋಡುತ್ತ ಕೂತವರಿಗೆ ಬರವಿಲ್ಲ. ಅದಕ್ಕೆ ಪಿಎಫ್ ಕೂಡ ಕಟ್ಟಿಸಿಕೊಂಡವನು ಮಾತ್ರ ನಾನೊಬ್ಬನೇ.

ನಾನು ನೋಡುವುದು ಮಾಸ್ ಸ್ಪೆಕ್ಟ್ರೋಮೀಟರುಗಳನ್ನು. ಅಣುಗಳನ್ನು ತೂಗುವ ತಕ್ಕಡಿ ಎಂದುಕೊಳ್ಳಿ. ಒಂದು ಚಮಚ ಅಕ್ಕಿ ಹಿಟ್ಟಿನ ರಸದಲ್ಲಿ ಕೀಟನಾಶಕದ ಲವಲೇಶವಿದ್ದರೂ ಹಿಡಿದುಕೊಡುವ ಯಂತ್ರ. ಮಲಗಿಸಿದ ಫ್ರಿಜ್ಜಿನಷ್ಟು ಗಾತ್ರ, ಹೊಸ ಸೊಸೆಯಷ್ಟು ನಾಜೂಕು. ಅದು ಕೆಟ್ಟರೆ ಪ್ರಯೋಗಾಲಯದವರು ನಮ್ಮ ಕಂಪನಿಯ ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು. ಆ ದೂರು ನನ್ನ ಸ್ಕ್ರೀನಿಗೆ ಬರುತ್ತದೆ. ನಾನು ಗುರುಗ್ರಾಮದಲ್ಲಿ ಕೂತು, ಇಂಟರ್ನೆಟ್ಟಿನ ಮೂಲಕ ಯಂತ್ರದ ನಾಡಿ ಹಿಡಿದು, "ಒಂದು ಸಲ ಆಫ್ ಮಾಡಿ ಆನ್ ಮಾಡಿ" ಎನ್ನುತ್ತೇನೆ. ಅದಕ್ಕೂ ಬಗ್ಗದಿದ್ದರೆ ಮನುಷ್ಯನೊಬ್ಬ ಚೀಲ ಹೊತ್ತು ಹೋಗಬೇಕು. ದೆಹಲಿಯ ಸುತ್ತಮುತ್ತ ಆ ಮನುಷ್ಯ ಮಲ್ಲಿಕಾರ್ಜುನ ಸರ್.

ದಾವಣಗೆರೆಯವರು. ಡಿಪ್ಲೊಮಾ ಮುಗಿಸಿ ಟೀವಿ ರಿಪೇರಿಯಿಂದ ಶುರುಮಾಡಿ, ಹೆಂಡತಿ ಶಾರದಾ ಅವರಿಗೆ ದೆಹಲಿಯ ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿದ್ದಕ್ಕೆ ಅವರ ಹಿಂದೆಯೇ ಗಂಟುಮೂಟೆ ಕಟ್ಟಿದವರು. ಮಯೂರ್ ವಿಹಾರದಲ್ಲಿ ಮನೆ. ಐವತ್ತು ದಾಟಿದ ದೇಹ, ತುಂಬು ಹೊಟ್ಟೆ, ನುಣ್ಣನೆ ಬೋಳುತಲೆ, ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಟೆಸ್ಟರು. ಹೆಗಲ ಚೀಲದಲ್ಲಿ ಮಲ್ಟಿಮೀಟರು, ಸೋಲ್ಡರಿಂಗ್ ಐರನ್ನು, ಭೂತಗನ್ನಡಿ, ಜೊತೆಗೆ ಗುಲಾಬಿ ಬಣ್ಣದ ಒಂದು ಹೇರ್ ಡ್ರೈಯರ್. ಮಗಳು ತನ್ವಿ ಬೇಡವೆಂದು ಬಿಸಾಡಿದ್ದನ್ನು ಎತ್ತಿಕೊಂಡಿದ್ದರು. ಮೆಟ್ರೋ ಸ್ಟೇಷನ್ನಿನ ತಪಾಸಣೆಯಲ್ಲಿ ಚೀಲ ತೆರೆಸಿದ ಜವಾನ ಆ ಡ್ರೈಯರನ್ನು ಎತ್ತಿ ಹಿಡಿದು, "ಯೇ ಕಿಸ್‌ಲಿಯೇ?" ಎಂದು ಕೇಳಿದರೆ, ಇವರು ಗಂಭೀರವಾಗಿ ತಮ್ಮ ಬೋಳುತಲೆ ಸವರಿಕೊಂಡು "ಬಾಲ್ ಸುಖಾನೇ ಕೆ ಲಿಯೇ", ಕೂದಲು ಒಣಗಿಸಲಿಕ್ಕೆ, ಎನ್ನುತ್ತಿದ್ದರು. ಜವಾನನಿಗೆ ನಗು ಬಂದು ಚೀಲ ಬಿಡುತ್ತಿದ್ದ.

ವಿನಯವೆಂಬುದು ಅವರ ಹತ್ತಿರ ಸುಳಿಯುತ್ತಿರಲಿಲ್ಲ. ಆಫೀಸಿಗೆ ಬಂದರೆ ಚಹಾ ಮಿಷನ್ನಿನ ಪಕ್ಕ ನಿಂತು, ತಾವು ಎಲ್ಲೆಲ್ಲಿ ಯಾವ ಬೋರ್ಡನ್ನು ಸಾವಿನ ಬಾಯಿಂದ ತಂದೆವೆಂದು ಎಲ್ಲರ ಕಪ್ಪು ತಣ್ಣಗಾಗುವವರೆಗೆ ಹೇಳುತ್ತಿದ್ದರು. ಲ್ಯಾಬಿನ ಹುಡುಗಿಯರು ತಪ್ಪು ಬಟ್ಟೆಯಲ್ಲಿ ಯಂತ್ರ ಒರೆಸಿದರೆ ಅವರು ಅಳುವವರೆಗೆ ಬೈಯುತ್ತಿದ್ದರು. ನನ್ನ ಹೆಸರು ಅನೂಪ್ ಎಂಬುದು ಅವರಿಗೆ ಗೊತ್ತಿತ್ತೋ ಇಲ್ಲವೋ. ನನ್ನನ್ನು ಕರೆಯುತ್ತಿದ್ದುದು "ರಿಮೋಟು" ಎಂದು.

"ಏನಂತಪ್ಪಾ ರಿಮೋಟು, ನಿನ್ನ ಸ್ಕ್ರೀನು?"

"ಎರರ್ ಕೋಡ್ ತೋರಿಸ್ತಾ ಇದೆ ಸರ್."

"ಎರರ್ ಕೋಡ್ ಅಂದ್ರೆ ಪಕ್ಕದ ಮನೆಯವರ ಸಾಕ್ಷಿ ಕಣೋ. ಗಲಾಟೆ ಆಯ್ತು ಅಂತ ಹೇಳ್ತಾರೆ. ಯಾರು ಹೊಡೆದ್ರು ಅಂತ ಅವರಿಗೇನು ಗೊತ್ತು?"

ಹೊಡೆದವರನ್ನು ಹಿಡಿಯಲು ಅವರಿಗೆ ಅವರದೇ ಕ್ರಮವಿತ್ತು. ಎಲ್ಲಿಗೆ ಹೋದರೂ ಮೊದಲು ಗೋಡೆಯ ಪ್ಲಗ್ಗಿಗೆ ಮೀಟರು ಚುಚ್ಚಿ, ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಎಷ್ಟು ವೋಲ್ಟಿದೆ ನೋಡುವುದು. ದೆಹಲಿಯ ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿಯ ಮಣ್ಣು ಒಣಗಿ ಹೆಂಚಾಗುತ್ತದೆ; ಆಗ ಯಂತ್ರಕ್ಕೆ ಹುಚ್ಚು ಹಿಡಿಯುತ್ತದೆ. ವಿದೇಶದಿಂದ ಬಂದ ತಜ್ಞರು ಎಲ್ಲ ಬೋರ್ಡು ಬದಲಿಸಿ ಕೈಚೆಲ್ಲಿದ ಯಂತ್ರವನ್ನು, ಮಾಲಿಯನ್ನು ಕರೆದು ಗುಂಡಿಗೆ ಬಕೆಟ್ ನೀರು ಹೊಯ್ಯಿಸಿ ಸರಿಮಾಡಿದ್ದು ಅವರ ಅಚ್ಚುಮೆಚ್ಚಿನ ಕತೆ. ಕೇಳಿದವರೆಲ್ಲ ಅದು ಸುಳ್ಳೆಂದು ನಂಬಿದ್ದರು. ನಾನೂ.

ಅವರ ಇನ್ನೊಂದು ಕ್ರಮ ಯಾವ ಕೈಪಿಡಿಯಲ್ಲೂ ಇರಲಿಲ್ಲ. ಹೊಸ ಗಿರಾಕಿಗೆ ತಮ್ಮ ಕಾರ್ಡು ಕೊಡುವಾಗ, ಅದರ ಮೇಲೆ ಅಚ್ಚಾದ ಕಂಪನಿಯ ನಂಬರನ್ನು ಪೆನ್ನಿನಿಂದ ಹೊಡೆದುಹಾಕಿ, ತಮ್ಮ ಸ್ವಂತ ಮೊಬೈಲ್ ನಂಬರ್ ಬರೆದು ಹೇಳುತ್ತಿದ್ದರು: "ಪೋರ್ಟಲ್‌ಗೆ ಹಾಕಬೇಡಿ. ನನಗೆ ಫೋನ್ ಮಾಡಿ."

ಇದನ್ನು ಕಲಿಸಿದ್ದು ಅವರ ಹಳೆಯ ಬಾಸ್ ವೆಂಕಟಸುಬ್ಬಯ್ಯ ಎಂಬವರು. ಅವರ ಕಾಲದಲ್ಲಿ ದೂರೆಂದರೆ ಇಂಜಿನಿಯರನ ಹಣೆಯ ಮೇಲಿನ ಮಸಿ. ಒಂದೇ ಯಂತ್ರದಿಂದ ಮತ್ತೆ ದೂರು ಬಂದರೆ ಅದಕ್ಕೆ 'ರಿಪೀಟ್ ಕಾಲ್' ಎಂಬ ಹೆಸರಿಟ್ಟು ಎಲ್ಲರೆದುರು ಓದಿ ಮಾನ ಕಳೆಯುತ್ತಿದ್ದರಂತೆ. ದೂರಿನ ಪಟ್ಟಿ ಖಾಲಿ ಇದ್ದವನೇ ಗಂಡುಗಲಿ. ವೆಂಕಟಸುಬ್ಬಯ್ಯ ನಿವೃತ್ತರಾಗಿ ಮೈಸೂರು ಸೇರಿದರು. ಅವರ ಧರ್ಮವನ್ನು ಮಲ್ಲಿಕಾರ್ಜುನ ಸರ್ ನಡೆಸಿಕೊಂಡು ಬಂದರು. ಗಿರಾಕಿಗಳಿಗೂ ಅದೇ ಇಷ್ಟ. ಪೋರ್ಟಲ್‌ನಲ್ಲಿ ದೂರು ಹಾಕಿದರೆ ನನ್ನಂಥವನ ಪ್ರವಚನ ಕೇಳಬೇಕು. ಇವರಿಗೆ ಫೋನ್ ಮಾಡಿದರೆ ಶನಿವಾರವಾದರೂ ಚೀಲ ಹೊತ್ತು ಬಂದುಬಿಡುತ್ತಾರೆ. ಕಂಪನಿಯ ನಿಯಮದ ಪ್ರಕಾರ ಇಡೀ ಬೋರ್ಡು ಬದಲಿಸಬೇಕಾದಲ್ಲಿ, ಇವರು ಬೋರ್ಡಿನ ಮೇಲೆ ಬೆಸುಗೆ ಬಿಟ್ಟುಹೋದ ಯಾವುದೋ ಬಿಡಿಭಾಗದ ಒಂದು ತಂತಿಗಾಲಿಗೆ ಸೋಲ್ಡರ್ ಹಚ್ಚಿ, ತಟ್ಟಿ, "ಚಲೋ, ಆಯ್ತು" ಎನ್ನುತ್ತಾರೆ. ಹೀಗಾಗಿ ಉತ್ತರ ವಲಯದಿಂದ ದೂರೂ ಬರುತ್ತಿರಲಿಲ್ಲ, ಬಿಡಿಭಾಗಕ್ಕೆ ಬೇಡಿಕೆಯೂ ಬರುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ನಮಗೆ ಹೊಸ ಮ್ಯಾನೇಜರ್ ಬಂದರು. ಯಶವಂತ್. ಮೂಲ ಹುಬ್ಬಳ್ಳಿ, ಬೆಳೆದದ್ದು ದೆಹಲಿ. ಕನ್ನಡವನ್ನು ಮನೆಯ ಅಜ್ಜಿಯ ಹತ್ತಿರ ಮಾತ್ರ ಖರ್ಚು ಮಾಡಿದವರು. ಬಂದ ಕೂಡಲೇ ಒಂದು ಸಭೆ. ಗೋಡೆಯ ಮೇಲೆ ಭಾರತದ ನಕ್ಷೆ. ದೂರು ಹೆಚ್ಚಿದ್ದಲ್ಲಿ ಕೆಂಪು, ಸಾಧಾರಣವಿದ್ದಲ್ಲಿ ಹಳದಿ, ಇಲ್ಲದಲ್ಲಿ ಹಸಿರು. ಆ ಬಣ್ಣ ತುಂಬಿದವನು ನಾನು. ಒಂದನೇ ತರಗತಿಯಲ್ಲಿ ಗಿಳಿಗೆ ಬಣ್ಣ ಹಚ್ಚಿ ಬಹುಮಾನ ಪಡೆದ ಮೇಲೆ ಅಷ್ಟು ಶ್ರದ್ಧೆಯಿಂದ ಮಾಡಿದ ಕೆಲಸ ಅದೊಂದೇ.

ಉತ್ತರ ವಲಯ ಗಿಳಿಯಂತೆ ಹಸಿರಾಗಿತ್ತು. ಮಲ್ಲಿಕಾರ್ಜುನ ಸರ್ ಕುರ್ಚಿಯಲ್ಲಿ ಬೆನ್ನು ನೇರ ಮಾಡಿ, ಎಲ್ಲರಿಗೂ ಕಾಣುವಂತೆ ಕೂತರು.

"ಸೂಪರ್" ಎಂದರು ಯಶವಂತ್. "ಸೋ, ಪ್ರಶ್ನೆ ಏನಂದ್ರೆ, ಇಷ್ಟು ಹೆಲ್ದಿ ಇರೋ ಏರಿಯಾಗೆ ಫುಲ್‌ಟೈಮ್ ಇಂಜಿನಿಯರ್ ಬೇಕಾ?"

ಸರ್‌ಗೆ ಅದು ಹೊಗಳಿಕೆಯ ಮುಂದುವರಿದ ಭಾಗವೆಂದೇ ಅನಿಸಿರಬೇಕು. ನಗುತ್ತಲೇ ಇದ್ದರು. ಉಳಿದವರು ನಗುತ್ತಿಲ್ಲವೆಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಕಂಪ್ಲೇಂಟ್ ಇಲ್ಲ ಅಂದ್ರೆ ನಾನು ಕೆಲಸ ಮಾಡಿದ್ದೀನಿ ಅಂತ ಅರ್ಥ."

"ಸರ್, ಬುರಾ ಮತ್ ಮಾನಿಯೇ. ಡೇಟಾದಲ್ಲಿ ಇಲ್ಲ. ವಿಸಿಟ್ ಇಲ್ಲ, ಪಾರ್ಟ್ಸ್ ಇಲ್ಲ. ಮಿಷನ್‌ಗಳು ಅಪ್ನೇ ಆಪ್ ಚೆನ್ನಾಗಿವೆ ಅಂತ ಕಾಣತ್ತೆ."

"ಅಪ್ನೇ ಆಪ್? ತಾವಾಗೇ?" ಸರ್ ಎದ್ದು ನಿಂತರು. "ಅಪ್ನೇ ಆಪ್ ಕೆಡೋ ಮಿಷನ್ ನೋಡಿದ್ದೀನಿ. ಅಪ್ನೇ ಆಪ್ ಸರಿಹೋಗೋದು ನೀವೇ ತೋರಿಸಬೇಕು ನನಗೆ."

ಯಶವಂತ್ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ನಿದ್ದೆ ಬರುತ್ತಿತ್ತು. ಅವರು ಮೃದುವಾಗಿ ವಿವರಿಸಿದರು: ಈ ತ್ರೈಮಾಸಿಕದ ಕೊನೆಗೆ ಹುದ್ದೆ ತೆಗೆಯುವ ಆಲೋಚನೆಯಿದೆ, ಹೆಚ್ಚಿನದನ್ನು ರಿಮೋಟಿನಿಂದ ನೋಡಿಕೊಳ್ಳುವುದು, ತೀರಾ ಬಿದ್ದುಹೋದದ್ದಕ್ಕೆ ಹೈದರಾಬಾದಿನಿಂದ ಜನ ಬರುವುದು. "ಅಲ್ಲೀವರೆಗೆ ಟೈಮ್ ಇದೆ ಸರ್. ಕಾಲ್ಸ್ ತೋರಿಸಿ. ಒಂದಾದರೂ ಸೀರಿಯಸ್ ಬ್ರೇಕ್‌ಡೌನ್ ನಿಮ್ಮ ಹೆಸರಲ್ಲಿ ಕ್ಲೋಸ್ ಆಗಲಿ. ಐ ವಿಲ್ ಫೈಟ್ ಫಾರ್ ಯೂ."

ಆ ಭಾನುವಾರ ಸರ್ ನನ್ನನ್ನು ಚಾಣಕ್ಯಪುರಿಗೆ ಕರೆದರು. ಅಲ್ಲಿನ ಕರ್ನಾಟಕದ ಅತಿಥಿಗೃಹದ ಕ್ಯಾಂಟೀನಿನಲ್ಲಿ ಇಬ್ಬರೂ ಇಡ್ಲಿ ವಡೆ ತಿಂದೆವು. ಅವರು ವಡೆಯನ್ನು ಸಾಂಬಾರಿನಲ್ಲಿ ಮುಳುಗಿಸಿ, ಎತ್ತದೆ, ಅದು ಕರಗುವುದನ್ನೇ ನೋಡುತ್ತ ಕೂತಿದ್ದರು.

"ಶಾರದಾಗೆ ಹೇಳಿಲ್ಲ ಕಣೋ."

"ಬೇರೆ ಕಂಪನಿ ನೋಡಬಹುದಲ್ವಾ ಸರ್?"

"ಈ ವಯಸ್ಸಲ್ಲಿ ನನ್ನ ಯಾರು ಕರೀತಾರೋ? ಬಯೋಡೇಟಾದಲ್ಲಿ ಏನಂತ ಬರೀಲಿ? ಹೇರ್ ಡ್ರೈಯರ್ ಎಕ್ಸ್‌ಪರ್ಟ್ ಅಂತಲಾ?" ಎಂದು, ತಟ್ಟೆ ಬದಿಗೆ ಸರಿಸಿ, "ಒಂದು ಕಂಪ್ಲೇಂಟ್ ಬೇಕು ರಿಮೋಟು. ಒಂದೇ ಒಂದು. ಹುಡುಕ್ತೀನಿ" ಎಂದರು.

ಮುಂದಿನ ವಾರಗಳಲ್ಲಿ ದೆಹಲಿಯಲ್ಲಿ ವಿಚಿತ್ರವೊಂದು ನಡೆಯಿತು. ರಿಪೇರಿಯವನು ಮನೆಮನೆಗೆ ಹೋಗಿ ದಯವಿಟ್ಟು ನನ್ನ ಮೇಲೆ ದೂರು ಕೊಡಿ ಎಂದು ಬೇಡತೊಡಗಿದ. ಗಿರಾಕಿಗಳು ಅದನ್ನು ತಮಾಷೆ ಎಂದುಕೊಂಡರು. ನೋಯ್ಡಾದ ಔಷಧಿ ಲ್ಯಾಬಿನವರು, "ಮಲ್ಲಿಕಾರ್ಜುನ್‌ಜಿ, ಆಪ್ ಕೇ ಹೋತೇ ಹುಏ ಕ್ಯಾ ಶಿಕಾಯತ್!" ನೀವಿರುವಾಗ ಎಲ್ಲಿಯ ದೂರು, ಎಂದು ಲಡ್ಡು ತಿನ್ನಿಸಿ ಕಳಿಸಿದರು. ಸೋನಿಪತ್‌ನವರು ಪ್ರಶಂಸಾಪತ್ರ ಬರೆದುಕೊಡುತ್ತೇವೆಂದರು. ಅದನ್ನು ಹಾಕಲು ಪೋರ್ಟಲ್‌ನಲ್ಲಿ ಜಾಗವಿರಲಿಲ್ಲ. ಯಂತ್ರಗಳಂತೂ ಮಾತಾಡಿಕೊಂಡವರಂತೆ ಎಲ್ಲವೂ ಚೆನ್ನಾಗಿದ್ದವು. ಸುಳ್ಳು ದೂರು ಹಾಕಿಸಿ ಎಂದು ನಾನು ಹೇಳಿದ್ದೆ. ಆ ಐಡಿಯಾ ಎರಡು ನಿಮಿಷ ಬದುಕಿತ್ತು. ಏಕೆಂದರೆ ಹೊಸ ಪೋರ್ಟಲ್ ದೂರು ಬಂದ ಕೂಡಲೇ ಯಂತ್ರವನ್ನೇ ಕೇಳುತ್ತದೆ. ಯಂತ್ರ "ನಾನು ಚೆನ್ನಾಗಿದ್ದೇನೆ" ಎಂದರೆ ಮುಗಿಯಿತು. ಮನುಷ್ಯನ ಮಾತಿಗೆ ಬೆಲೆಯಿಲ್ಲ.

ತ್ರೈಮಾಸಿಕದ ಕೊನೆಯ ವಾರ, ಬೆಳಿಗ್ಗೆ, ಸರ್ ಫೋನ್ ಮಾಡಿದರು. ದನಿ ಎಷ್ಟು ಉಕ್ಕುತ್ತಿತ್ತೆಂದರೆ ಮನೆಯಲ್ಲಿ ಮಗು ಹುಟ್ಟಿದೆಯೇನೋ ಅನ್ನಿಸಿತು.

"ಕೆಟ್ಟಿದೆಯಂತೋ! ಧಾರಿಣಿ ಮೇಡಂ ಮಿಷನ್ ಕೆಟ್ಟಿದೆಯಂತೆ! ಬೇಗ ಬಾ, ನೀನೂ ಬಾ, ಸಾಕ್ಷಿಗಿರು!"

ಧಾರಿಣಿ ಮೇಡಂ ಓಖ್ಲಾದ ಒಂದು ಖಾಸಗಿ ಲ್ಯಾಬಿನ ಮುಖ್ಯಸ್ಥೆ, ಮೈಸೂರಿನವರು. ಹೊರದೇಶಕ್ಕೆ ಹೋಗುವ ಬಾಸ್ಮತಿ ಅಕ್ಕಿ, ಮಸಾಲೆಗಳನ್ನು ಪರೀಕ್ಷಿಸಿ, ಕೀಟನಾಶಕವಿಲ್ಲವೆಂದು ವರದಿ ಕೊಡುವುದು ಅವರ ಕೆಲಸ. ನಾನು ಅವರ ಯಂತ್ರವನ್ನು ಸ್ಕ್ರೀನಿನಲ್ಲಿ ಎಷ್ಟೋ ಸಲ ನೋಡಿದ್ದೆ. ಎದುರಿಗೆ ನೋಡಿದ್ದು ಅವತ್ತೇ. ಮದುವೆಯ ಜಾಲತಾಣದ ಫೋಟೋಗೂ ಹುಡುಗಿಗೂ ಇರುವಷ್ಟೇ ವ್ಯತ್ಯಾಸವಿತ್ತು. ಯಂತ್ರವೂ ನನ್ನ ಬಗ್ಗೆ ಹಾಗೇ ಅಂದುಕೊಂಡಿರಬೇಕು.

"ಬೆಳಿಗ್ಗೆ ಸರಿಯಾಗಿರುತ್ತೆ ಸರ್. ಮಧ್ಯಾಹ್ನ ಆಗ್ತಿದ್ದಂಗೆ ಸಿಗ್ನಲ್ ಸೊನ್ನೆ. ಮೂರು ದಿನದಿಂದ ಇದೇ ಗೋಳು" ಎಂದರು ಧಾರಿಣಿ. ಗೋಡೆಯ ಎಸಿ ಕೊಡ ತುಂಬುವಷ್ಟು ನೀರು ಸೋರಿಸುತ್ತ ಏದುಸಿರು ಬಿಡುತ್ತಿತ್ತು.

"ಮೂರು ದಿನದಿಂದ! ಮೊದಲು ಪೋರ್ಟಲ್‌ಗೆ ಹಾಕಿ ಮೇಡಂ."

ಧಾರಿಣಿ ಅವರ ಮುಖವನ್ನೇ ನೋಡಿದರು. "ಸರ್, ಜ್ವರ ಗಿರ ಏನಾದ್ರೂ ಇದೆಯಾ ನಿಮಗೆ?"

ಸರ್ ನಗಲಿಲ್ಲ. ವಿಷಯ ಹೇಳಿದರು. ಹೇಳುವಾಗ ಮೇಡಂ ಕಡೆ ನೋಡದೆ ಯಂತ್ರದ ಕಡೆ ನೋಡುತ್ತಿದ್ದರು. ಮೇಡಂ ಕಂಪ್ಯೂಟರಿನ ಮುಂದೆ ಕೂತರು. ದೂರು ದಾಖಲಾಗಲು ಒಟಿಪಿ ಬೇಕು. ಒಟಿಪಿ ಬರುವುದು ಅವರ ಖರೀದಿ ವಿಭಾಗದ ಆದರ್ಶ್ ಎಂಬವರ ಫೋನಿಗೆ. ಆದರ್ಶ್ ಅವತ್ತು ಯಾರದೋ ಮದುವೆಗೆ ಮುಂಚಿನ ತಿಲಕದ ಊಟಕ್ಕೆ ಮೇರಠ್‌ಗೆ ಹೋಗಿದ್ದರು. ಫೋನು ರಿಂಗಾಗುತ್ತಲೇ ಇತ್ತು.

"ಬರ್ಲಿ. ಕಾಯೋಣ" ಎಂದರು ಸರ್. "ಅಲ್ಲೀವರೆಗೆ ಸುಮ್ಮನೆ ನೋಡ್ತೀನಿ. ಮುಟ್ಟಲ್ಲ."

ಪ್ಲಗ್ಗಿಗೆ ಮೀಟರು ಚುಚ್ಚಿದರು. ಅರ್ತಿಂಗ್ ಸರಿಯಿತ್ತು. ಯಂತ್ರದ ಒಳಗಿನ ನಿರ್ವಾತ ನೋಡಿದರು, ಸರಿಯಿತ್ತು. ದ್ರಾವಣವನ್ನು ಒಳಗೆ ಚಿಮ್ಮಿಸುವ ಸೂಜಿಯ ತುದಿಯ ಕರೆಂಟು ಸರಿಯಿತ್ತು. "ಹಾಗಾದ್ರೆ ಅಣು ಒಳಗೆ ಹೋಗ್ತಾ ಇದೆ. ಎಣಿಸೋನು ನಿದ್ದೆ ಹೊಡೀತಾ ಇದ್ದಾನೆ" ಎಂದರು. ಚೀಲದಿಂದ ಗುಲಾಬಿ ಡ್ರೈಯರ್ ಹೊರಬಂತು. ಯಂತ್ರದ ಹಿಂಬದಿಯ ಗಾಳಿಕಿಂಡಿಗಳಿಗೆ ಒಂದೊಂದಾಗಿ ಬಿಸಿಗಾಳಿ ಊದುತ್ತ, ಸ್ಕ್ರೀನಿನ ಗೆರೆಯನ್ನು ನೋಡು ಎಂದು ನನಗೆ ಹೇಳಿದರು. ನೋಡುವುದೇ ನನ್ನ ವೃತ್ತಿಯಾದ್ದರಿಂದ ನೋಡಿದೆ. ಮೊದಲ ಕಿಂಡಿ, ಗೆರೆ ಅಲುಗಲಿಲ್ಲ. ಎರಡನೆಯದು, ಇಲ್ಲ. ಬಲ ಮೂಲೆಯ ಕಿಂಡಿಗೆ ಊದಿದ ಕೂಡಲೇ ಗೆರೆ ಕಡಿದು ನೆಲಕ್ಕೆ ಬಿತ್ತು. ಡ್ರೈಯರ್ ತೆಗೆದು ಟವೆಲಿನಿಂದ ಗಾಳಿ ಬೀಸಿದರು; ಸ್ವಲ್ಪ ಹೊತ್ತಿಗೆ ಗೆರೆ ಮೇಲೆದ್ದಿತು. ಮತ್ತೆ ಊದಿದರು, ಮತ್ತೆ ಬಿತ್ತು.

"ಸಿಕ್ಕಿದ!" ಅವರ ಬೋಳುತಲೆಯವರೆಗೂ ನಗು ಹರಡಿತ್ತು. "ಹೈ ವೋಲ್ಟೇಜ್ ಬೋರ್ಡು. ಬಿಸಿಯಾದ್ರೆ ಎಲ್ಲೋ ಒಂದು ಕಾಲು ಬಿಡ್ತಾ ಇದೆ. ಮಧ್ಯಾಹ್ನ ಎಸಿ ಸೋಲುತ್ತೆ, ಇದೂ ಸೋಲುತ್ತೆ. ನಿನ್ನ ಎರರ್ ಕೋಡ್ ಇದನ್ನ ಹೇಳಿತ್ತೇನೋ ರಿಮೋಟು?"

"ಇಲ್ಲ ಸರ್. ಆದ್ರೆ ಈಗ ಅಲ್ಲಿಗೇ ನಿಲ್ಲಿಸಿ. ಕಂಪ್ಲೇಂಟ್ ಹೋಗೋವಾಗ ಅದು ಕೆಟ್ಟೇ ಇರಬೇಕು. ಪೋರ್ಟಲ್ ಯಂತ್ರವನ್ನ ಕೇಳುತ್ತೆ."

"ಗೊತ್ತಪ್ಪಾ. ಮುಟ್ಟಲ್ಲ ಅಂದೆನಲ್ಲ."

ಸ್ಟೂಲಿನ ಮೇಲೆ ಕೈ ಕಟ್ಟಿ ಕೂತರು. ಆದರ್ಶ್ ಫೋನ್ ಎತ್ತಲಿಲ್ಲ. ಧಾರಿಣಿ ಮೇಡಂ ಫೋನಿಗೆ ಮಾತ್ರ ಕರೆಗಳು ಬರುತ್ತಲೇ ಇದ್ದವು. ವರದಿಗಾಗಿ ಕಾಯುತ್ತಿದ್ದ ಅಕ್ಕಿ ವ್ಯಾಪಾರಿಯೊಬ್ಬ ಅವರನ್ನು ಎಷ್ಟು ಜೋರಾಗಿ ಬೈಯುತ್ತಿದ್ದನೆಂದರೆ ನಮಗೂ ಕೇಳುತ್ತಿತ್ತು. ಮೇಡಂ "ಜೀ, ಜೀ" ಎನ್ನುತ್ತ ಕಿಟಕಿಯ ಕಡೆ ತಿರುಗಿ ನಿಂತರು. ಸರ್ ಎದ್ದು, ನೀರು ಕುಡಿದು, ಮತ್ತೆ ಕೂತರು. ಒಂದು ಕಾಲು ಕುಣಿಯತೊಡಗಿತು. ಆಮೇಲೆ ಸೋಲ್ಡರಿಂಗ್ ಐರನ್ನಿನ ವೈರನ್ನು ಬಿಡಿಸಿ, ಪ್ಲಗ್ಗಿಗೆ ಹಾಕಿದರು.

"ಸರ್!"

"ಬಿಸಿ ಆಗ್ಲಿ ಅಂತ ಅಷ್ಟೇ."

"ಸರ್, ಬೇಡ. ನಿಮ್ಮ ಕೆಲಸ ಹೋಗುತ್ತೆ."

"ಹಲ್ಲಿನ ಸಂದೀಲಿ ಚೂರು ಸಿಕ್ಕೊಂಡಂಗೆ ಆಗ್ತಾ ಇದೆ ಕಣೋ. ಎಲ್ಲಿದೆ ಅಂತ ಗೊತ್ತಾದ ಮೇಲೆ ನಾಲಿಗೆ ಸುಮ್ನಿರುತ್ತಾ?" ಎನ್ನುತ್ತಲೇ ವಿದ್ಯುತ್ ಭಾಗದ ಸ್ವಿಚ್ಚು ಆರಿಸಿ, ಒಳಗಿನ ಚಾರ್ಜು ಇಳಿಯುವವರೆಗೆ ತಡೆದು, ಬೋರ್ಡನ್ನು ಹೊರಗೆಳೆದರು. ಭೂತಗನ್ನಡಿಯಲ್ಲಿ ನನಗೂ ತೋರಿಸಿದರು: ಒಂದು ಕಾಲಿನ ಸುತ್ತ ಕೂದಲೆಳೆಯ ಉಂಗುರದಂಥ ಬಿರುಕು. "ಆಮೇಲೆ ಹೇಳಿದರಾಯ್ತು. ಅಲ್ಲಿ ಮನುಷ್ಯರೂ ಇದ್ದಾರಲ್ಲ. ನೀನಿದ್ದೀಯಲ್ಲ."

ನಾನಿದ್ದೇನೆ ಎಂಬ ಧೈರ್ಯದ ಮೇಲೆ ಜಗತ್ತಿನಲ್ಲಿ ಕೆಲಸ ಮಾಡಿದವರು ಅವರೊಬ್ಬರೇ ಇರಬೇಕು.

ಬೆಸುಗೆಯ ರಾಳದ ಹೊಗೆ ಎದ್ದಿತು. ಬೋರ್ಡು ಒಳಗೆ ಹೋಯಿತು. ಗೆರೆ ಮೇಲೆದ್ದಿತು, ಡ್ರೈಯರ್ ಊದಿದರೂ ಬೀಳಲಿಲ್ಲ. ಧಾರಿಣಿ ಮೇಡಂ ಬಂದು ನೋಡಿ, ಒಂದು ಕ್ಷಣ ಖುಷಿಪಟ್ಟು, ಮರುಕ್ಷಣ ಕೈಯನ್ನು ಬಾಯಿಗಿಟ್ಟುಕೊಂಡರು. ಅಷ್ಟರಲ್ಲಿ ಆದರ್ಶ್ ಕರೆ ಬಂತು. ಹಿನ್ನೆಲೆಯ ಡೋಲಿನ ಸದ್ದಿನ ನಡುವೆ ಒಟಿಪಿ ಕೂಗಿ ಹೇಳಿದರು. ಮೇಡಂ ದೂರನ್ನು ಉದ್ದಕ್ಕೆ ಬರೆದರು. ಮೂರು ದಿನದ ಗೋಳು, ಸರ್ ಬಂದದ್ದು, ಹೇಗೆ ಹುಡುಕಿದರೆಂಬುದು, ಎಲ್ಲ. ಒತ್ತಿದರು.

ನನ್ನ ಫೋನು ಜೇಬಿನಲ್ಲಿ ನಡುಗಿತು. ದೂರು ನನ್ನ ಡೆಸ್ಕಿಗೇ ಬಂದಿತ್ತು. ನಾನು ಬೆರಳಿಡುವುದರೊಳಗೆ ಇನ್ನೊಂದು ಸಲ ನಡುಗಿತು. 'ಯಂತ್ರ ಆರೋಗ್ಯವಾಗಿದೆ. ಭೇಟಿ ಅಗತ್ಯವಿಲ್ಲ. ದೂರು ಮುಕ್ತಾಯಗೊಂಡಿದೆ. ಪರಿಹರಿಸಿದವರು: ಅನೂಪ್, ರಿಮೋಟ್ ವಿಭಾಗ. ಅಭಿನಂದನೆಗಳು!' ಕೆಳಗೆ ಬಣ್ಣಬಣ್ಣದ ಕಾಗದದ ಚೂರುಗಳು ಸುರಿಯುವ ಚಿತ್ರ.

ಸರ್ ನನ್ನ ಕೈಯಿಂದ ಫೋನ್ ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ ಓದಿದರು.

"ಭಲೇ ರಿಮೋಟು" ಎಂದು ವಾಪಸ್ಸು ಕೊಟ್ಟರು.

"ಸರ್, ಮತ್ತೆ ಕೆಡಿಸೋಣ್ವಾ?" ಧಾರಿಣಿ ಮೇಡಂ ಮೆಲ್ಲಗೆ ಕೇಳಿದರು. "ಆ ಕಾಲು ಮತ್ತೆ ಬಿಡಿಸಿಬಿಡಿ. ನಾಳೆ ಹೊಸದಾಗಿ ಹಾಕ್ತೀನಿ. ವ್ಯಾಪಾರಿಗೆ ನಾನು ಹೇಳ್ಕೋತೀನಿ."

"ಮೇಡಂ!" ಎಂದರು ಸರ್, ಅಡುಗೆಭಟ್ಟನಿಗೆ ಸಾರಿಗೆ ಉಗುಳಲು ಹೇಳಿದಂತೆ. ಆಮೇಲೆ ಡ್ರೈಯರಿನ ವೈರನ್ನು ಸುತ್ತಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ ಚೀಲಕ್ಕೆ ಹಾಕಿದರು.

ನಾನು ಯಶವಂತ್‌ಗೆ ಎಲ್ಲವನ್ನೂ ಬರೆದೆ. ಧಾರಿಣಿ ಮೇಡಂ ಕೂಡ ಬರೆದರು. ಯಶವಂತ್ ನಿಜಕ್ಕೂ ಯಂತ್ರದ ದಾಖಲೆ ತೆಗೆಸಿ ನೋಡಿದರು. ತೊಂದರೆ ಬಂದಿತ್ತು, ಹೋಗಿತ್ತು, ಬಿಡಿಭಾಗ ಬಳಕೆಯಾಗಿರಲಿಲ್ಲ. "ಇಂಟರ್‌ಮಿಟೆಂಟ್ ಫಾಲ್ಟ್, ಅನೂಪ್. ಆಗತ್ತೆ, ಹೋಗತ್ತೆ" ಎಂದರು. "ಆದ್ರೆ ಸೀನಿಯರ್‌ಗೆ ಕ್ರೆಡಿಟ್ ಕೊಡೋ ನಿಮ್ಮ ಸ್ಪಿರಿಟ್ ಇದೆಯಲ್ಲ, ಬಹುತ್ ಅಚ್ಛಾ." ವರ್ಷದ ಮೌಲ್ಯಮಾಪನದಲ್ಲಿ ಆ ಸ್ಪಿರಿಟ್‌ಗೆ ನನಗೆ ಒಂದು ಅಂಕ ಹೆಚ್ಚು ಬಂತು. ಬೇಡವೆನ್ನುವ ಸ್ಪಿರಿಟ್ ನನ್ನಲ್ಲಿರಲಿಲ್ಲ.

ಬೀಳ್ಕೊಡುಗೆಗೆ ಕೇಕು ತರಿಸಿದ್ದರು. ಅದರ ಮೇಲೆ ಸರ್ ಹೆಸರು ಪೂರ್ತಿ ಹಿಡಿಯದೆ 'ಮಲ್ಲಿಕ್‌ಜಿ' ಎಂದಿತ್ತು. ಸರ್ ಭಾಷಣ ಮಾಡಲಿಲ್ಲ. ಅವರ ಕತೆಗಳಿಗೆ ಚಹಾ ತಣ್ಣಗೆ ಮಾಡಿಕೊಂಡವರೆಲ್ಲ ಅವತ್ತು ಕಾದು ನಿಂತಿದ್ದೆವು. ಅವರು ಕೇಕು ಕತ್ತರಿಸಿ, ಚಾಕು ಒರೆಸಿಟ್ಟು, "ಚಲೋ" ಎಂದಷ್ಟೇ ಅಂದರು.

ದಸರೆಯ ಹೊತ್ತಿಗೆ ಮಯೂರ್ ವಿಹಾರದ ಅವರ ಮನೆಗೆ ಹೋಗಿದ್ದೆ. ಶಾರದಾ ಅವರು ಆಫೀಸಿನಿಂದ ಆಗಷ್ಟೇ ಬಂದು, ಸೀರೆ ಕೂಡ ಬದಲಿಸದೆ ಚಕ್ಕುಲಿ ತಂದಿಟ್ಟರು. ಸರ್ ಸೋಫಾದಲ್ಲಿ ಟೀವಿ ನೋಡುತ್ತಿದ್ದರು. ಅಪಾರ್ಟ್‌ಮೆಂಟ್ ಸೊಸೈಟಿಯ ಅಕ್ಕಪಕ್ಕದವರು ರಿಪೇರಿಗೆಂದು ಗೀಸರು, ಮಿಕ್ಸರು ಹಿಡಿದು ಬರುತ್ತಾರಂತೆ. ಇವರು ಬಾಗಿಲಲ್ಲೇ ಬೈದು ಕಳಿಸುತ್ತಾರಂತೆ.

"ಅಂಕಲ್‌ಗಳೆಲ್ಲ ನಾರಾಜ್ ಆಗಿದ್ದಾರೆ" ಎಂದಳು ಕಾಲೇಜಿಗೆ ಹೋಗುವ ತನ್ವಿ. "ಪಾಪಾಗೆ ಎಷ್ಟು ಸಲ ಹೇಳ್ದೆ, ಅಪ್ನಾ ಕುಛ್ ಶುರು ಕರೋ, ಸ್ವಂತದ್ದು ಏನಾದ್ರೂ ಮಾಡಿ ಅಂತ. ಕೇಳೋದೇ ಇಲ್ಲ."

"ನೀನು ಸುಮ್ನಿರೇ" ಎಂದರು ಶಾರದಾ. "ಇವರಿಗೆ ನನ್ನ ಸಂಬಳದಲ್ಲಿ ಕೂತು ಉಣ್ಣೋದು ಗಂಟಲಲ್ಲಿ ಇಳೀತಿಲ್ಲ. ಇಳೀದೇ ಇದ್ರೆ ಎದ್ದಾದ್ರೂ ಏಳಬೇಕಲ್ಲ. ಅದೂ ಇಲ್ಲ." ಮಾತಿನಲ್ಲಿ ಕೋಪಕ್ಕಿಂತ ದಣಿವು ಹೆಚ್ಚಿತ್ತು.

ಸರ್ ಟೀವಿಯ ದನಿ ಏರಿಸಿದರು. ನಾನು ಹೊರಡುವಾಗ ಕೂಡ ಏಳಲಿಲ್ಲ. "ಮೆಟ್ರೋ ರಶ್ ಇರುತ್ತೆ, ಬೇಗ ಹೋಗು" ಎಂದರು, ಪರದೆಯ ಕಡೆಗೇ.

ದೀಪಾವಳಿಯ ಹೊಗೆ ಇನ್ನೂ ಇಳಿಯದ ವಾರ, ಧಾರಿಣಿ ಮೇಡಂ ಯಂತ್ರ ಮತ್ತೆ ಕೆಟ್ಟಿತು. ಈ ಸಲ ಪೂರ್ತಿ ಸತ್ತೇ ಹೋಗಿತ್ತು. ಬೆಳಿಗ್ಗೆಯೂ ಇಲ್ಲ, ಮಧ್ಯಾಹ್ನವೂ ಇಲ್ಲ. ಹೈದರಾಬಾದಿನವರು ಬರಲು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಒಮ್ಮೆ ಹೋಗಿ ನೋಡಿ ಬಾ ಎಂದು ಯಶವಂತ್ ನನ್ನನ್ನು ಕ್ಯಾಬಿನಲ್ಲಿ ಕಳಿಸಿದರು. ಹೊಸ ಮಲ್ಟಿಮೀಟರು ಕೊಟ್ಟಿದ್ದರು. ಅದರ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ನಾನು ಕ್ಯಾಬಿನಲ್ಲೇ ಕಿತ್ತೆ, ಅನುಭವಿಯಂತೆ ಕಾಣಲಿ ಎಂದು.

"ಸರ್‌ಗೆ ಫೋನ್ ಮಾಡಬೇಕು ಅಂತ ಕೈ ಹೋಯ್ತು" ಎಂದರು ಧಾರಿಣಿ. "ಯಾವ ಮುಖ ಇಟ್ಕೊಂಡು ಮಾಡ್ಲಿ? ಪೋರ್ಟಲ್‌ಗೇ ಹಾಕ್ದೆ."

ಪ್ಲಗ್ಗಿಗೆ ಮೀಟರು ಚುಚ್ಚಿದೆ. ಏನೋ ಒಂದು ಸಂಖ್ಯೆ ಬಂತು. ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ಮೇಡಂ ನನ್ನ ಮುಖ ನೋಡುತ್ತಿದ್ದರು. ಅವರಿಗೆ ಬೆನ್ನು ತಿರುಗಿಸಿ, ಕೊನೆಗೆ ನಾನೇ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು, ಫೋನು ಕೈಯಲ್ಲೇ ಹಿಡಿದು ಕೂತವರಂತೆ.

"ಹೇಳಪ್ಪಾ ರಿಮೋಟು."

"ಸರ್, ಧಾರಿಣಿ ಮೇಡಂ ಮಿಷನ್. ಏನೂ ಆನ್ ಆಗ್ತಿಲ್ಲ."

"ಏನೂ ಅಂದ್ರೆ? ಫ್ಯಾನ್ ಸದ್ದು ಬರುತ್ತಾ?" ಮೊದಲಿನ ದನಿ ಬಂದುಬಿಟ್ಟಿತು, ಒಂದೇ ಉಸಿರಿಗೆ. "ವಾಸನೆ ಬರುತ್ತಾ? ಪಟಾಕಿ ದಿನ ಕರೆಂಟ್ ಹೋಗಿತ್ತಾ? ಅರ್ತಿಂಗ್ ಎಷ್ಟಿದೆ?" ಎಂದು, ನಾನು ಬಾಯಿ ತೆರೆಯುವುದರೊಳಗೆ ತಡೆದು ಕೇಳಿದರು: "ಇರು. ಪೋರ್ಟಲ್‌ಗೆ ಹಾಕಿದ್ದಾರಾ?"

"ಹಾಕಿದ್ದಾರೆ ಸರ್."

ಅತ್ತ ಟೀವಿಯ ಸದ್ದು ಕೇಳುತ್ತಿತ್ತು. ಯಾರೋ ಅದನ್ನು ಜೋರು ಮಾಡಿದರು.

"ಹಾಗಾದ್ರೆ ಪೋರ್ಟಲ್‌ನೇ ಕೇಳು" ಎಂದು ಇಟ್ಟುಬಿಟ್ಟರು.

ಕೇಳಿದೆ. ಒಂದು ಸಲ ಆಫ್ ಮಾಡಿ ಆನ್ ಮಾಡಿ ಎಂದು ಅದು ಹೇಳಿತು. ಆ ಉತ್ತರ ಬರೆದು ಅದರಲ್ಲಿ ತುಂಬಿದವನು ನಾನೇ. ಧಾರಿಣಿ ಮೇಡಂ ಕೈ ಕಟ್ಟಿ ನಿಂತಿದ್ದರು. ನಾನು ಸತ್ತ ಯಂತ್ರವನ್ನು ಆಫ್ ಮಾಡಿದೆ, ಆನ್ ಮಾಡಿದೆ, ಮತ್ತು ನನ್ನ ಸಂಬಳಕ್ಕೆ ತಕ್ಕಂತೆ ನೋಡುತ್ತ ನಿಂತೆ.